ಯೂರಿಯಾ ಇಳಿಯಿತು, ಉಳಿದವು?

ಡಯಾಲಿಸಿಸ್ ಶುರುವಾಗುವ ಮುಂಚೆ ರಕ್ತದಲ್ಲಿ ಯೂರಿಯಾ 150 ಇತ್ತು, ಮುಗಿದ ಮೇಲೆ 45. ಅಂದರೆ ನೂರಕ್ಕೆ 70ರಷ್ಟು ಹೋಯಿತು. 65 ದಾಟಿದರೆ ಸಾಕೆನ್ನುವ ಲೆಕ್ಕಕ್ಕೆ ಇದು ಒಳ್ಳೆಯ ರಿಪೋರ್ಟೇ. ಆದರೆ ರೋಗಿಗೆ ರಾತ್ರಿಯೆಲ್ಲ ಮೈ ತುರಿಕೆ, ಊಟ ರುಚಿಸುವುದಿಲ್ಲ, ಸುಸ್ತು. ‘ರಿಪೋರ್ಟ್ ಚೆನ್ನಾಗಿಯೇ ಇದೆಯಲ್ಲ’ ಎಂದು ಮನೆಯವರಿಗೆ ಗೊಂದಲ. ತುರಿಕೆಗೆ ಫಾಸ್ಫೇಟ್ ಸೇರಿದಂತೆ ಹಲವು ಕಾರಣಗಳಿರಬಹುದು. ಆದರೆ ಯೂರಿಯಾದ ಅಂಕಿ ಯೂರಿಯಾದ ಸುದ್ದಿಯನ್ನಷ್ಟೇ ಹೇಳುತ್ತದೆ ಎಂಬುದೂ ನಿಜ.

ಹಾಗೆ ನೋಡಿದರೆ ಯೂರಿಯಾ ಅಂಥ ದೊಡ್ಡ ವಿಷವೇನಲ್ಲ. 1972ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಡಯಾಲಿಸಿಸ್ ದ್ರವಕ್ಕೇ ಯೂರಿಯಾ ಬೆರೆಸಿ, ರೋಗಿಗಳ ರಕ್ತದಲ್ಲಿ ಅದು ಇಳಿಯದಂತೆ ನೋಡಿಕೊಂಡರು. ಮಟ್ಟ ತೀರಾ ಏರುವವರೆಗೂ ಹೆಚ್ಚಿನ ತೊಂದರೆ ಕಾಣಲಿಲ್ಲ. ಅಳೆಯುವುದು ಸುಲಭ, ಖರ್ಚು ಕಡಿಮೆ ಎಂಬ ಕಾರಣಕ್ಕೇ ಯೂರಿಯಾ ಇಂದಿಗೂ ಅಳತೆಗೋಲಾಗಿ ಉಳಿದಿದೆ.

ಕಿಡ್ನಿ ಕೈಕೊಟ್ಟಾಗ ರಕ್ತದಲ್ಲಿ ಉಳಿಯುವ ಕಲ್ಮಶಗಳಲ್ಲಿ ಯೂರಿಯಾದಂಥ ಪುಟಾಣಿಗಳು ನೀರಿನೊಡನೆ ಬೇಗ ಜಾರಿ ಹೋಗುತ್ತವೆ. ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಎಂಬ ಪ್ರೋಟೀನು ಹಾಗಲ್ಲ. ಅದರ ಅಣು ಯೂರಿಯಾಕ್ಕಿಂತ ಸುಮಾರು 200 ಪಟ್ಟು ಭಾರ, ರಕ್ತ ಸೋಸುವ ಡಯಲೈಸರ್‌ನ ಹಳೆಯ ಕಾಲದ ಪೊರೆಯಲ್ಲಿ ಅದು ತೂರುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರ ಮಣಿಕಟ್ಟಿನಲ್ಲಿ ಅದು ಜಮೆಯಾಗಿ ನರವನ್ನು ಒತ್ತುತ್ತಿತ್ತು, ಬೆರಳು ಜೋಮು ಹಿಡಿಯುತ್ತಿತ್ತು. ಹೀಗೆ ಕೂರುವುದು ಈ ಪ್ರೋಟೀನೇ ಎಂದು 1985ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಈಗಿನ ಹೈ-ಫ್ಲಕ್ಸ್ ಪೊರೆಗಳು ಅದಕ್ಕೆ ಒಂದಿಷ್ಟು ದಾರಿ ಬಿಡುತ್ತವೆ.

ಎಲ್ಲಕ್ಕಿಂತ ಹಟಮಾರಿ ಎಂದರೆ ಇಂಡಾಕ್ಸಿಲ್ ಸಲ್ಫೇಟ್. ಇದರ ಮೂಲ ನಾವು ತಿನ್ನುವ ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಇಂಡೋಲ್ ಮಾಡುತ್ತವೆ, ಲಿವರ್ ಅದಕ್ಕೆ ಕೊನೆಯ ರೂಪ ಕೊಡುತ್ತದೆ. ಅಣು ಚಿಕ್ಕದೇ. ಆದರೆ ಗದ್ದೆ ಬದುವಿನಲ್ಲಿ ನಡೆದಾಗ ಪಂಚೆಗೆ ಮೆತ್ತಿಕೊಳ್ಳುವ ಉತ್ತರಾಣಿಯಂತೆ, ನೂರರಲ್ಲಿ 90ಕ್ಕೂ ಹೆಚ್ಚು ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ದೇಹಕ್ಕೆ ಬೇಕಾದದ್ದು, ಪೊರೆ ಅದನ್ನು ಬಿಡಬಾರದು. ಹೀಗಾಗಿ ಬಿಡಿಯಾಗಿರುವ ಅಲ್ಪಸ್ವಲ್ಪವಷ್ಟೇ ಹೊರಗೆ ಹೋಗುತ್ತದೆ. ರಕ್ತನಾಳಗಳ ಒಳಪದರಕ್ಕೆ ಇದು ಹಾನಿ ಮಾಡುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಡಯಾಲಿಸಿಸ್‌ನಲ್ಲಿರುವವರ ಸಾವಿಗೆ ಮುಖ್ಯ ಕಾರಣ ಹೃದ್ರೋಗ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ.

ಇನ್ನು ಆಸ್ಪತ್ರೆಗಳು ನೋಡುವ ಕೆಟಿ-ಬೈ-ವಿ ಎಂಬ ಅಂಕಿ. ಇದೂ ಯೂರಿಯಾದ ಲೆಕ್ಕವೇ: ಯೂರಿಯಾ ತೆಗೆದ ರಕ್ತದ ಪ್ರಮಾಣವನ್ನು ಮೈಯ ನೀರಿನ ಪ್ರಮಾಣದಿಂದ ಭಾಗಿಸಿದ್ದು. ಸುಮಾರು 60 ಕೆಜಿಯ ಗಂಡಸಿನ ಮೈಯಲ್ಲಿ 35 ಲೀಟರ್ ನೀರಿದೆ ಎನ್ನೋಣ. ಮಷೀನು ನಿಮಿಷಕ್ಕೆ 200 ಮಿಲಿಲೀಟರ್ ರಕ್ತದಿಂದ ಯೂರಿಯಾ ತೆಗೆದರೆ ನಾಲ್ಕು ಗಂಟೆಗೆ 48 ಲೀಟರ್ ಆಯಿತು. 48ನ್ನು 35ರಿಂದ ಭಾಗಿಸಿ: 1.37. ವಾರಕ್ಕೆ ಮೂರು ಸಲ ಬರುವವರಿಗೆ ಕನಿಷ್ಠ 1.2 ಬೇಕು, ಪಾಸು. ‘ಬಸ್ಸು ತಪ್ಪುತ್ತೆ, ಬೇಗ ಆಫ್ ಮಾಡಿ ಸಾರ್’ ಎಂದು ಮೂರೇ ಗಂಟೆಗೆ ಎದ್ದರೆ 1.03. ನಮ್ಮಲ್ಲಿ ಬಹಳ ಮಂದಿಗೆ ವಾರಕ್ಕೆ ಎರಡೇ ಸರದಿ. ಅದರಲ್ಲೂ ಒಂದು ಗಂಟೆ ಬಿಟ್ಟುಕೊಡುವುದು ದುಬಾರಿ. ಯೂರಿಯಾ ಅಳೆಯಲು ಕೊನೆಯ ಸ್ಯಾಂಪಲ್ ತೆಗೆಯುವ ಬಗೆಯೂ ಮುಖ್ಯ: ಪಂಪಿನ ವೇಗ ಇಳಿಸಿ, ಕೆಲವು ಸೆಕೆಂಡು ತಡೆದು ತೆಗೆಯಬೇಕು. ಇಲ್ಲದಿದ್ದರೆ ಆಗಷ್ಟೇ ಶುದ್ಧವಾದ ರಕ್ತ ಬೆರೆತು ಅಂಕಿ ಅಂದವಾಗಿ ಕಾಣಬಹುದು.

ಹಾಗಾದರೆ ಆ ಅಂಕಿಯನ್ನು ಇನ್ನೂ ಏರಿಸಿದರೆ? ಅಮೆರಿಕದ ಹೀಮೊ ಅಧ್ಯಯನ 1,846 ರೋಗಿಗಳಲ್ಲಿ ಅದನ್ನೇ ಪರೀಕ್ಷಿಸಿತು. 2002ರಲ್ಲಿ ಬಂದ ಫಲಿತಾಂಶದಲ್ಲಿ ಆಯಸ್ಸು ಗಮನಾರ್ಹವಾಗಿ ಹೆಚ್ಚಲಿಲ್ಲ. ಯುರೋಪಿನ ಕನ್ವಿನ್ಸ್ ಅಧ್ಯಯನ ಬೇರೆ ದಾರಿ ಹಿಡಿಯಿತು: ರಕ್ತದಿಂದ ಹೆಚ್ಚು ನೀರನ್ನು ಎಳೆದು, ಅಷ್ಟೇ ಶುದ್ಧ ದ್ರವ ಮರಳಿಸುವ ಹೀಮೊಡಯಾಫಿಲ್ಟ್ರೇಷನ್. ದೊಡ್ಡ ಅಣುಗಳು ಇದರಲ್ಲಿ ಚೆನ್ನಾಗಿ ಹೊರಬೀಳುತ್ತವೆ. 2023ರ ವರದಿಯಂತೆ ಈ ಗುಂಪಿನಲ್ಲಿ ಸಾವು ಶೇ. 17.3, ಮಾಮೂಲಿ ಹೈ-ಫ್ಲಕ್ಸ್ ಗುಂಪಿನಲ್ಲಿ ಶೇ. 21.9. ಆದರೆ ಇದಕ್ಕೆ ಅತಿಶುದ್ಧ ನೀರು, ಬೇರೆ ಮಷೀನು, ರಕ್ತ ರಭಸವಾಗಿ ಹರಿಯುವ ಒಳ್ಳೆಯ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯಲ್ಲಿ ಜೋಡಿಸಿದ ರಕ್ತನಾಳ) ಬೇಕು.

ಖರ್ಚಿಲ್ಲದ ಶೋಧಕವೊಂದು ಕೆಲವರ ಮೈಯಲ್ಲೇ ಉಳಿದಿರುತ್ತದೆ. ದಿನಕ್ಕೆ ಒಂದೆರಡು ಲೋಟ ಮೂತ್ರ ಹೋಗುತ್ತಿದ್ದರೂ, ಆ ಅಳಿದುಳಿದ ಕಿಡ್ನಿ ಮಷೀನಿಗೆ ಬಗ್ಗದ ಇಂಡಾಕ್ಸಿಲ್ ಸಲ್ಫೇಟ್‌ನಂಥ ಅಂಟುಗಳ್ಳರನ್ನೂ ಹಗಲೂ ರಾತ್ರಿ ಹೊರಹಾಕುತ್ತಿರುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೊಫೆನಾಕ್ ಮಾತ್ರೆ ಹಾಳುಮಾಡುವುದು ಅದನ್ನೇ.