ಹುಣಸೆ ಮರದ ಲೆಕ್ಕ ಇದೆ, ಮುತ್ತಜ್ಜಿಯ ಲೆಕ್ಕ ಇಲ್ಲ

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಊರಿಂದ ಕಾಕಾ ಫೋನ್ ಮಾಡಿದ್ದರು. ಅಜ್ಜ ತೀರಿಕೊಂಡು ಹನ್ನೊಂದು ವರ್ಷ ಆದರೂ ಹೊಲದ ಉತಾರ ಇನ್ನೂ ಅವರ ಹೆಸರಲ್ಲೇ ಇದೆ. ವಾರಸಾ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು. "ನೀ ಇಂಜಿನಿಯರಿಂಗ್ ಓದೀದಿ, ಕಂಪ್ಯೂಟರ್‌ದಾಗ ಚೆಂದಂಗ ಒಂದು ಚಾರ್ಟ್ ಹಾಕಿ ಕೊಡ ಯವ್ವಾ" ಅಂದರು.

ವಾಟ್ಸಪ್‌ನಲ್ಲಿ ಒಂದು ಚೀಟಿಯ ಫೋಟೋ ಬಂತು. ಅದರಲ್ಲಿ ಅಜ್ಜ, ಅಜ್ಜನ ಕೆಳಗೆ ನನ್ನ ಅಪ್ಪ ಮತ್ತು ಕಾಕಾ, ಕಾಕಾನ ಕೆಳಗೆ ಅವರ ಇಬ್ಬರು ಗಂಡುಮಕ್ಕಳು. ನನ್ನ ಇಬ್ಬರು ಅತ್ತಿಯರು ಇರಲಿಲ್ಲ. ಅಪ್ಪ ಈಗ ಇಲ್ಲ, ಅವರಿಗೆ ಇರುವವಳು ನಾನೊಬ್ಬಳೇ ಮಗಳು. ಆ ಚೀಟಿಯ ಪ್ರಕಾರ ಅಪ್ಪನ ಕೊಂಬೆ ಅಲ್ಲಿಗೇ ನಿಂತಿತ್ತು. ಚಾರ್ಟ್ ಬರೆಯಬೇಕಾದವಳೇ ಚಾರ್ಟಿನಲ್ಲಿ ಇರಲಿಲ್ಲ.

ಕೇಳಿದೆ. ಕಾಕಾ ಸಿಟ್ಟಾಗಲಿಲ್ಲ. "ಹೆಣ್ಣಮಕ್ಕಳ ಹೆಸರು ಹಾಕಿದ್ರ ಅವರದೂ ಸಹಿ ಬೇಕಾಕ್ಕೈತಿ. ಸುಮ್ನ ಯಾಕ ತಲಿಬ್ಯಾನಿ? ನಮ್ಮ ಮನ್ಯಾಗ ಯಾವತ್ತೂ ಹಿಂಗ ಬರಕೊಂಡು ಬಂದೀವಿ" ಅಂದರು.

ಯಾವತ್ತಿನಿಂದ ಹೀಗೆ ಬರೆದುಕೊಂಡು ಬಂದಿದ್ದೇವೆ ಅನ್ನೋದನ್ನು ನೋಡಬೇಕು ಅನಿಸಿತು. ಅಜ್ಜನ ಅವ್ವನಿಂದ, ಅಂದರೆ ಮುತ್ತಜ್ಜಿಯಿಂದ, ಹುಡುಕಲು ಶುರು ಮಾಡಿದೆ. ಅವಳ ಬಗ್ಗೆ ಮನೆಯಲ್ಲಿ ಗೊತ್ತಿದ್ದದ್ದು ಒಂದೇ ಮಾತು: ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮಾಡಿಸಿ ಅಜ್ಜನನ್ನು ಬೆಳೆಸಿದಳು. ಹೆಸರು ಕೇಳಿದರೆ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾರೂ ಅವ್ವಾ ಅಂತಿದ್ರು" ಅಂದರು.

ನೀರಿನಡಿ ಇರುವ ಊರು

ನಮ್ಮ ಹಳೇ ಊರು ಹುಕ್ಕೇರಿ ತಾಲ್ಲೂಕಿನಲ್ಲಿತ್ತು. 'ಇತ್ತು' ಅನ್ನಬೇಕು, ಯಾಕೆಂದರೆ ಘಟಪ್ರಭೆಗೆ ಹಿಡಕಲ್‌ನಲ್ಲಿ ಕಟ್ಟಿದ ಅಣೆಕಟ್ಟೆ 1977ರಲ್ಲಿ ಮುಗಿದು ನೀರು ನಿಂತಾಗ ಅದು ಮುಳುಗಿತು. ಸರ್ಕಾರದ ಕಾಗದದಲ್ಲಿ ಅದು ರಾಜಾ ಲಖಮಗೌಡ ಜಲಾಶಯ, ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ನಮ್ಮ ಕಡೆ ಎಲ್ಲರಿಗೂ ಅದು 'ಹಿಡಕಲ್ ಡ್ಯಾಮ್' ಅಷ್ಟೇ. ಬೇಸಿಗೆಯಲ್ಲಿ ನೀರು ತಳಕ್ಕೆ ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮುತ್ತಜ್ಜಿ ನೀರು ಬರುವ ಮೊದಲೇ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿದ ಹೊಲ ಮಾತ್ರ ಯಾವ ಬೇಸಿಗೆಯಲ್ಲೂ ಗುರುತು ಸಿಗುವಂತೆ ಉಳಿದಿಲ್ಲ.

ಹಾಗಾಗಿ ಕಾಗದವೇ ಗತಿ. ನಮ್ಮ ಭಾಗದಲ್ಲಿ ಒಂದು ಕುಟುಂಬದ ಹಿಂದಿನದು ತಿಳಿಯಬೇಕಾದರೆ ಮೊದಲು ನೆನಪಾಗುವವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಅಂಗಳದಲ್ಲಿ ಕೂತು ಮನೆತನದ ಹೆಸರುಗಳನ್ನು ತಲೆಮಾರುಗಟ್ಟಲೆ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು-ಕಡಿ ಪಡೆದು ಹೋಗುವವರು. ನಮ್ಮ ಮನೆಗೆ ಬರುವ ಹೆಳವರನ್ನು ಕಂಡೆ. ಒಂಬತ್ತು ತಲೆಮಾರು ಒಂದೇ ಉಸಿರಿಗೆ ಹೇಳಿದರು. ಒಂಬತ್ತೂ ಗಂಡಸರ ಹೆಸರು. ನಡುವೆ ಹೆಣ್ಣು ಬಂದಿದ್ದರೆ ಅದು ಗಂಡುಮಕ್ಕಳಿಲ್ಲದೆ ದತ್ತು ತಗೊಂಡಾಗ ಮಾತ್ರ. ಅವರನ್ನು ದೂರಿ ಉಪಯೋಗವಿಲ್ಲ. ನಮ್ಮ ಹಿರಿಯರು ಏನು ಬರೆಸಿದರೋ ಅದನ್ನೇ ಅವರು ಬರೆದುಕೊಂಡಿದ್ದಾರೆ.

ಅ.ಪಾ.ಕ. ಎಂಬ ಮೂರು ಅಕ್ಷರ

ಎರಡನೆಯದು ಹಳೇ ಉತಾರ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಅದಕ್ಕೇ ನಮ್ಮ ಕಂದಾಯ ದಾಖಲೆಗಳ ಭಾಷೆ ಇವತ್ತಿಗೂ ಅರ್ಧ ಮರಾಠಿ, ಕೆಲವು ಹಳೇ ಕಾಗದಗಳು ಮೋಡಿ ಲಿಪಿಯಲ್ಲೂ ಸಿಗುತ್ತವೆ. ಕೈಬರಹದ ನಕಲಿಗೆ ಅರ್ಜಿ ಹಾಕಿ ಮೂರು ಸಲ ಓಡಾಡಿದ ಮೇಲೆ ಒಂದು ಹಾಳೆ ಸಿಕ್ಕಿತು. 1942ರದ್ದು. ಅಜ್ಜನ ಹೆಸರು, ಪಕ್ಕದಲ್ಲಿ 'ಅ.ಪಾ.ಕ. ತಾಯಿ', ಆಮೇಲೆ ಒಂದು ಹೆಣ್ಣಿನ ಹೆಸರು.

ಅ.ಪಾ.ಕ. ಅಂದರೆ 'ಅಜ್ಞಾನ ಪಾಲನ ಕರ್ತಾ', ಅಪ್ರಾಪ್ತ ವಯಸ್ಸಿನವರ ಪೋಷಕ. ಮುತ್ತಜ್ಜ ತೀರಿಕೊಂಡಾಗ ಅಜ್ಜನಿಗೆ ಒಂಬತ್ತು ವರ್ಷ. ಹೊಲದ ಒಡೆಯ ಆ ಹುಡುಗ, ಅವನು ದೊಡ್ಡವನಾಗುವವರೆಗೆ ನೋಡಿಕೊಳ್ಳುವವಳು ತಾಯಿ. ಸುಮಾರು ಹತ್ತು ವರ್ಷ ಬಿತ್ತಿಸಿದವಳು, ಕಂದಾಯ ಕಟ್ಟಿದವಳು, ಸಾಲ ತೀರಿಸಿದವಳು ಅವಳೇ. ಅಜ್ಜ ವಯಸ್ಸಿಗೆ ಬಂದ ಕೂಡಲೇ ಆ ಮೂರು ಅಕ್ಷರವೂ ಹೋಯಿತು, ಅದರ ಜೊತೆ ಅವಳ ಹೆಸರೂ ಹೋಯಿತು.

ಆ ಕಾಲದ ಹಳ್ಳಿಯ ಹೆಂಗಸನ್ನು ಸರ್ಕಾರಿ ಕಾಗದದಲ್ಲಿ ಹುಡುಕುವವರು ಇದನ್ನು ತಿಳಿದುಕೊಂಡರೆ ಒಳ್ಳೇದು. ಅವಳು ಹುಟ್ಟಿದಾಗ ಅಥವಾ ಮದುವೆಯಾದಾಗ ಕಾಗದದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಗಂಡ ಸತ್ತಾಗ, ಮಗ ಚಿಕ್ಕವನಿದ್ದಾಗ, ವಾಟ್ನಿ ಆದಾಗ, ಕೋರ್ಟಿಗೆ ಹೋದಾಗ ಕಾಣಿಸಿಕೊಳ್ಳುತ್ತಾಳೆ. ಅಂದರೆ ಅವಳ ಬದುಕಿನ ಕೆಟ್ಟ ದಿನಗಳೇ ಅವಳ ದಾಖಲೆ. ಸುಖವಾಗಿ ಗಂಡ-ಮಕ್ಕಳ ಜೊತೆ ಬಾಳಿ ಹೋದವಳಾದರೆ 'ಕೋಂ' ಎಂಬ ಪದದ ಹಿಂದೆ ಗಂಡನ ಹೆಸರಿಗೆ ಅಂಟಿಕೊಂಡಷ್ಟೇ ಭಾಗ್ಯ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 1951-52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ದೇಶದಲ್ಲಿ, ಅದರಲ್ಲೂ ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಅಂತ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರು ಬೇಕೇ ಬೇಕು ಅಂದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು.

ಮರಕ್ಕೆ ಪರಿಹಾರ

ಮೂರನೆಯದು ಡ್ಯಾಮಿನ ಭೂಸ್ವಾಧೀನದ ಅವಾರ್ಡ್. ಅಜ್ಜನ ಟ್ರಂಕಿನಲ್ಲಿ ಅದರ ನಕಲಿತ್ತು. ಭೂಸ್ವಾಧೀನದಲ್ಲಿ ನೆಲಕ್ಕಷ್ಟೇ ಅಲ್ಲ, ಅದರ ಮೇಲಿರುವ ಮನೆ, ಬಾವಿ, ಮರಕ್ಕೂ ಬೆಲೆ ಕಟ್ಟುತ್ತಾರೆ. ನಮ್ಮದರಲ್ಲಿ ಎರಡು ಹುಣಸೆ, ನಾಲ್ಕು ಬೇವು, ಒಂದು ಮಾವು, ಕಲ್ಲು ಕಟ್ಟಿದ ಒಂದು ಬಾವಿ ಅಂತ ಬರೆದಿದೆ. ಆ ಹುಣಸೆ ಗಿಡ ನೆಟ್ಟವಳು ಮುತ್ತಜ್ಜಿ ಅಂತ ಆಯಿ ಹೇಳುತ್ತಿದ್ದಳು. ಮರಕ್ಕೆ ಲೆಕ್ಕ ಸಿಕ್ಕಿತು. ಆ ಮನೆಯಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಹುಟ್ಟಿದ್ದರು ಅನ್ನೋದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

ಇದೇ ಹೊತ್ತಿಗೆ ಬೇರೆ ದೇಶದವರು ಹೇಗೆ ಹುಡುಕುತ್ತಾರೆ ಅಂತ ನೋಡುತ್ತಿದ್ದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1853ರಿಂದ ಹುಟ್ಟು-ಸಾವಿನ ನೋಂದಣಿ ಇದೆ. ಅಲ್ಲಿ ಹಳ್ಳಿಯ ಒಬ್ಬ ರೈತಾಪಿ ಹೆಂಗಸು ಸತ್ತರೆ ಆ ಒಂದು ಸರ್ಟಿಫಿಕೇಟಿನಲ್ಲೇ ಅವಳ ತಂದೆ-ತಾಯಿ, ತಾಯಿಯ ತವರಿನ ಹೆಸರು, ಎಲ್ಲಿ ಯಾವ ವಯಸ್ಸಿಗೆ ಮದುವೆ, ಮಕ್ಕಳ ಹೆಸರು-ವಯಸ್ಸು ಎಲ್ಲಾ ಕೇಳುವ ಕಾಲಂಗಳಿದ್ದವು. ನೂರೈವತ್ತು ವರ್ಷದ ನಂತರ ಯಾರಾದರೂ ಒಂದು ಹಾಳೆಯಿಂದ ಒಂದು ಇಡೀ ಕುಟುಂಬ ಕಟ್ಟಬಹುದು.

ಆದರೆ ಅದೇ ದೇಶದಲ್ಲಿ ಮೂಲನಿವಾಸಿ ಹೆಂಗಸರ ಮಕ್ಕಳನ್ನು ಸರ್ಕಾರವೇ ಕಿತ್ತುಕೊಂಡು ಸಂಸ್ಥೆಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿತು. ಅಂಥ ಎಷ್ಟೋ ಮಂದಿ ಇವತ್ತು ತಮ್ಮ ತಾಯಿ ಯಾರು ಅಂತ ಹುಡುಕುವುದು ಅದೇ ಇಲಾಖೆಗಳ ಕಡತಗಳಲ್ಲಿ. 1997ರ ಅಲ್ಲಿನ ರಾಷ್ಟ್ರೀಯ ವಿಚಾರಣೆಯ ವರದಿ ಆ ಕಡತಗಳನ್ನು ಅವರಿಗೆ ತೆರೆದಿಡಬೇಕು ಅಂತ ಹೇಳಬೇಕಾಯಿತು. ಅಲ್ಲಾದರೂ ಇಲ್ಲಾದರೂ, ಬರೆಸುವವರಿಗೆ ಯಾರು ಬೇಕೋ ಅವರಿಗೆ ಕಾಲಂ ಸಿಗುತ್ತದೆ.

ಕೊಡದ ಮೇಲಿನ ಹೆಸರು

ಉತಾರದಲ್ಲಿ ಸಿಕ್ಕ ಹೆಸರಿನಿಂದ ಮುಂದೆ ಹೋಗಲು ಆಗಲಿಲ್ಲ. ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯಾದಾಗ ಹುಡುಗಿಯ ಹೆಸರು ಬದಲಿಸುತ್ತಾರೆ. ಡೇಟಾಬೇಸ್ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದು ದಾಖಲೆಯ ಗುರುತನ್ನೇ ನಡುವೆ ಬದಲಿಸಿದರೆ ಹಿಂದಿನ ಕೊಂಡಿ ಎಲ್ಲಾ ಕಡಿದುಹೋಗುತ್ತದೆ. ಮದುವೆಯಲ್ಲಿ ಹೆಣ್ಣುಮಕ್ಕಳಿಗೆ ಒಡಪು ಹಾಕಿ ಗಂಡನ ಹೆಸರು ಹೇಳು ಅಂತ ಕಾಡುತ್ತೇವೆ. ಅವರು ಬಿಟ್ಟು ಬಂದ ಹೆಸರನ್ನು ಯಾರೂ ಕೇಳುವುದಿಲ್ಲ.

ದಾರಿ ಸಿಕ್ಕಿದ್ದು ಅಟ್ಟದ ಮೇಲೆ. ಊರು ಬಿಡುವಾಗ ತಂದ ಸಾಮಾನಿನಲ್ಲಿ ಒಂದು ತಾಮ್ರದ ಕೊಡ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದು ಗಂಡಸಿನ ಹೆಸರು ಮತ್ತು ಒಂದು ಊರಿನ ಹೆಸರು ಕಂಡಿತು. ಮದುವೆಗೆ ಆಯೇರು ಕೊಟ್ಟವರ ಹೆಸರು ಪಾತ್ರೆ ಮೇಲೆ ಹಾಕಿಸುವುದು ಹಳೇ ರೂಢಿ. ಕೊಟ್ಟವನು ಅವಳ ಅಣ್ಣ ಇರಬೇಕು ಅಂದುಕೊಂಡೆ. ಊರು ಆಗ ಗೋಕಾಕ ತಾಲ್ಲೂಕು, ಈಗ ಮೂಡಲಗಿ.

ಆ ಊರಿಗೆ ಹೋದೆ. ದಾರಿಯುದ್ದಕ್ಕೂ ಕಬ್ಬು. ಹಿಡಕಲ್‌ನಿಂದ ಬಿಟ್ಟ ನೀರು ನದಿಯಲ್ಲಿ ಹರಿದು, 1897ರಲ್ಲಿ ಕಟ್ಟಿದ ಧೂಪದಾಳ ಒಡ್ಡಿನಿಂದ ಎಡದಂಡೆ ಕಾಲುವೆಗೆ ತಿರುಗಿ ಈ ಕಡೆ ಬರುತ್ತದೆ. ಅವಳ ಗಂಡನ ಮನೆ ಮುಳುಗಿಸಿದ ನೀರು ಅವಳ ತವರಿನ ಹೊಲಕ್ಕೆ ಹೋಗುತ್ತಿತ್ತು.

ಕೊಡದ ಮೇಲಿನ ಮನೆತನ ಸಿಕ್ಕಿತು. ತೊಂಬತ್ತು ದಾಟಿದ ಒಬ್ಬ ಅಜ್ಜಿ ಹೊರಸಿನ ಮೇಲೆ ಕೂತಿದ್ದರು. ನಾನು ಯಾರ ಮೊಮ್ಮಗಳು ಅಂತ ಹೇಳಿದ ಮೇಲೆ ಕೈ ಹಿಡಿದುಕೊಂಡು ಒಂದು ಹೆಸರು ಹೇಳಿದರು. ಉತಾರದಲ್ಲಿದ್ದ ಹೆಸರಲ್ಲ, ಬೇರೆಯದು. "ಪಂಚಮಿಗೆ ಬರ್ತಿದ್ಲು. ಜೋಕಾಲಿ ಅಂದ್ರ ಬಾಳ ಖುಷಿ. ಗಂಡ ಸತ್ತಮ್ಯಾಲ ಬಂದ್ರೂ ಜೋಕಾಲಿ ಮ್ಯಾಲ ಕೂಡ್ಲಿಲ್ಲ" ಅಂದರು.

ಆಮೇಲೆ ಕೇಳಿದರು: "ಆಕಿ ಮಗಳ ಕಡೇವ್ರು ಎಲ್ಲಾ ಆರಾಮ ಅದಾರೇನು?"

ಯಾವ ಮಗಳು? ಅಜ್ಜ ಒಬ್ಬನೇ ಮಗ ಅಂತಲೇ ನಾವು ನಂಬಿದ್ದೆವು. ಅಜ್ಜನಿಗೆ ಒಬ್ಬ ಅಕ್ಕ ಇದ್ದಳಂತೆ. ಹನ್ನೆರಡಕ್ಕೆ ಮದುವೆ, ಮೂರನೇ ಹೆರಿಗೆಯಲ್ಲಿ ಸಾವು. ಅವಳ ಮೊಮ್ಮಕ್ಕಳು ರಾಯಬಾಗದ ಕಡೆ ಇದ್ದಾರೆ. ಹೆಳವರ ಹೊತ್ತಿಗೆಯಲ್ಲಿ, ಉತಾರದಲ್ಲಿ, ಅವಾರ್ಡಿನಲ್ಲಿ ಇಲ್ಲದ ಒಂದು ಇಡೀ ಕೊಂಬೆ. ಎರಡೇ ತಲೆಮಾರಿನಲ್ಲಿ ನಾವು ಮರೆತುಬಿಟ್ಟಿದ್ದೆವು.

ಸಹಿ ಬೇಕಾಗುತ್ತದೆ, ಹೌದು

ಈಗ ಕಾಕಾನ ಚೀಟಿಗೆ ಬರೋಣ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಹೆಸರು ಹಾಕಿದರೆ ಸಹಿ ಬೇಕಾಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ಬದುಕಿದ್ದರೆ ತಾಯಿ, ಎಲ್ಲರೂ ಸಮಾನ ವಾರಸುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಆ ಷರತ್ತು ಇಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕು ಅಂತೇನೂ ಇಲ್ಲ ಅಂತ ಹೇಳಿತು. ಅಷ್ಟರೊಳಗೆ ಕಾನೂನುಬದ್ಧವಾಗಿ ಮುಗಿದುಹೋದ ಪಾಲುಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಹಕ್ಕು ಬಿಡುವವರು ಬಿಡಬಹುದು, ಅದಕ್ಕೆ ನೋಂದಣಿ ಮಾಡಿಸಿದ ಹಕ್ಕು ಬಿಡುಗಡೆ ಪತ್ರ ಇದೆ. ಆದರೆ ವಂಶವೃಕ್ಷದಲ್ಲಿ ಹೆಸರನ್ನೇ ಕೈಬಿಡುವುದು ಬೇರೆ. ಬಿಟ್ಟುಕೊಡುವವಳು ಒಬ್ಬಳು ಇದ್ದಳು ಅನ್ನೋದನ್ನೂ ಅದು ಅಳಿಸುತ್ತದೆ. ಅಫಿಡವಿಟ್ ಮೇಲೆ ಸುಳ್ಳು ಹೇಳಿದಂತೆ ಆಗುತ್ತದೆ, ನಾಳೆ ಯಾರಾದರೂ ಪ್ರಶ್ನಿಸಿದರೆ ಅದರ ಮೇಲೆ ಆದ ವಾರಸಾ ನಿಲ್ಲುವುದೂ ಕಷ್ಟ.

ನಿಮ್ಮ ಮನೆಯಲ್ಲೂ ಈಗ ವಾರಸಾ ನಡೆಯುತ್ತಿದ್ದರೆ ಒಂದು ಕೆಲಸ ಮಾಡಿ. ಕಾಗದಕ್ಕೆ ಹೋಗುವ ಮೊದಲು ಮನೆಯ ಹಿರಿಯ ಹೆಂಗಸಿನ ಹತ್ತಿರ ಅರ್ಧ ತಾಸು ಕೂತು ಹುಟ್ಟಿದ ಹೆಸರು, ಇಟ್ಟ ಹೆಸರು, ತವರೂರು, ಹೆತ್ತ ಮಕ್ಕಳು, ಉಳಿದ ಮಕ್ಕಳು ಇಷ್ಟನ್ನೂ ಬರೆದುಕೊಳ್ಳಿ. ಹಳೇ ಪಾತ್ರೆ ತಿರುಗಿಸಿ ನೋಡಿ. ಉತಾರದ ಹಳೇ ಕೈಬರಹದ ನಕಲು ತೆಗೆಸಿ. ಶಾಲೆಯ ರಿಜಿಸ್ಟರ್ ಸಿಕ್ಕರೆ ಹುಟ್ಟಿದ ದಿನ ನಂಬಬೇಡಿ, ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ!

ನಾನು ಚಾರ್ಟ್ ಮಾಡಿ ಕಳಿಸಿದೆ. ಮೇಲೆ ಮುತ್ತಜ್ಜಿಯ ಎರಡೂ ಹೆಸರು, ಅಜ್ಜನ ಪಕ್ಕ ಅವನ ಅಕ್ಕ, ಕೆಳಗೆ ಇಬ್ಬರು ಅತ್ತಿಯರು, ಅಪ್ಪನ ಕೆಳಗೆ ನಾನು. ಕಾಕಾ ಎರಡು ವಾರ ಫೋನ್ ಮಾಡಲಿಲ್ಲ. ಅರ್ಜಿಯನ್ನೂ ಇನ್ನೂ ಕೊಟ್ಟಿಲ್ಲ. ದೊಡ್ಡ ಅತ್ತಿ ಮಾತ್ರ ಒಂದು ರಾತ್ರಿ ಫೋನ್ ಮಾಡಿದ್ದರು. "ಹೊಲದ ಮಾತು ಆಮ್ಯಾಲ ನೋಡೂಣು. ಆ ಕಾಗದದ ಒಂದು ಪ್ರತಿ ನನಗೂ ಕಳಸು, ಫ್ರೇಮ್ ಹಾಕಸ್ತೀನಿ" ಅಂದರು.