ಸರಾಸರಿ ಮುಚ್ಚಿಟ್ಟ ಅಣುಗಳು

ಒಂದು ರಾತ್ರಿ ನಮ್ಮ ಆಫೀಸಿನ ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲವೂ ಹಸಿರು. ಸರಾಸರಿ ರೆಸ್ಪಾನ್ಸ್ ಟೈಮ್ ಚೆನ್ನಾಗೇ ಇತ್ತು. ಆದರೂ ದೂರುಗಳು ನಿಲ್ಲಲಿಲ್ಲ. ಬೆಳಗಿನ ಜಾವದವರೆಗೆ ಒಂದೊಂದೇ ರಿಕ್ವೆಸ್ಟಿನ ಲಾಗ್ ತೆಗೆದು ನೋಡಿದ ಮೇಲೆ ಗೊತ್ತಾಯ್ತು, ನೂರಕ್ಕೆ ಇಬ್ಬರಿಗೆ ಪೇಜೇ ತೆರೆಯುತ್ತಿರಲಿಲ್ಲ. ಸರಾಸರಿ ಅವರನ್ನು ನುಂಗಿಹಾಕಿತ್ತು.

ಜೀವವಿಜ್ಞಾನಿಗಳಿಗೂ ಇದೇ ತಲೆನೋವು ಅಂತೆ. ಟೆಸ್ಟ್‌ಟ್ಯೂಬಿನಲ್ಲಿ ಕೋಟ್ಯಂತರ ಡಿಎನ್‌ಎ ಅಣುಗಳಿರುತ್ತವೆ, ಅಳೆದರೆ ಸಿಗೋದು ಎಲ್ಲದರ ಸರಾಸರಿ. ಅರ್ಧ ಅಣುಗಳು ತೆರೆದಿದ್ದು ಇನ್ನರ್ಧ ಮುಚ್ಚಿದ್ದರೆ ಉತ್ತರ ‘ಅರೆ ತೆರೆದಿದೆ’ ಅಂತ ಬರುತ್ತೆ. ಅಂಥ ಅಣು ಅಲ್ಲಿ ಒಂದೂ ಇಲ್ಲ!

ಒಂಟಿ ಅಣುವನ್ನು ನೋಡೋ ಉಪಾಯ 1996ರಿಂದಲೇ ಇದೆ. ಅಣುವಿನ ಎರಡು ಕಡೆ ಒಂದು ಹಸಿರು, ಒಂದು ಕೆಂಪು ಹೊಳೆಯುವ ಬಣ್ಣ ಅಂಟಿಸುತ್ತಾರೆ. ಅವು ಕೆಲವೇ ನ್ಯಾನೋಮೀಟರ್ ಹತ್ತಿರ ಬಂದರೆ ಹಸಿರು ತನ್ನ ಶಕ್ತಿಯನ್ನು ಕೆಂಪಿಗೆ ದಾಟಿಸುತ್ತೆ, ದೂರ ಹೋದರೆ ತಾನೇ ಹೊಳೆಯುತ್ತೆ. ಹೆಸರು ಫ್ರೆಟ್. ತೊಂದರೆ ಏನಂದ್ರೆ, ಒಂದು ಸಲಕ್ಕೆ ಒಂದೇ ಬಗೆಯ ಅಕ್ಷರಸಾಲು. ಡಿಎನ್‌ಎಯಲ್ಲಿ ಬರೀ ಆರು ಅಕ್ಷರ ಬದಲಿಸಿದರೂ 4,096 ಸಾಲುಗಳು. ಒಂದೊಂದನ್ನೇ ಪರೀಕ್ಷಿಸುತ್ತಾ ಕೂತರೆ ಪಿಎಚ್‌ಡಿ ಮುಗಿದ ಹಾಗೇ.

2024ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಸ್ವೀಡನ್ನಿನ ಉಪ್ಸಲಾದ ಎರಡು ತಂಡಗಳು ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ದಾರಿ ತೋರಿಸಿದವು. ಅವರು ಬಳಸಿದ್ದು ಸೀಕ್ವೆನ್ಸಿಂಗ್ ಚಿಪ್. ಈ ಗಾಜಿನ ಮೇಲೆ ಡಿಎನ್‌ಎ ತುಂಡುಗಳು ಚೆಲ್ಲಾಪಿಲ್ಲಿಯಾಗಿ ಅಂಟಿಕೊಂಡು, ಪ್ರತಿಯೊಂದೂ ಇದ್ದಲ್ಲೇ ತನ್ನ ನಕಲುಗಳ ಗುಂಪಾಗುತ್ತೆ. ಮೆಷಿನ್ ಅವುಗಳ ಫೋಟೋ ತೆಗೆದು ಅಕ್ಷರ ಓದುತ್ತೆ. ಹೊರಬರುವ ಫೈಲಿನಲ್ಲಿ ಪ್ರತಿ ಸಾಲಿನ ಜೊತೆ ಅದು ಚಿಪ್ಪಿನಲ್ಲಿದ್ದ ಎಕ್ಸ್, ವೈ ಸ್ಥಾನವೂ ಇರುತ್ತೆ. ಸಾಮಾನ್ಯವಾಗಿ ಅದರ ಕಡೆ ಯಾರೂ ತಿರುಗಿಯೂ ನೋಡಲ್ಲ.

ಇವರು ನೋಡಿದರು. ಮೊದಲು ಚಿಪ್ಪನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಅಣುಗಳು ಮಿನುಗುವ ವಿಡಿಯೋ, ಆಮೇಲೆ ಅದೇ ಚಿಪ್ಪಿನ ಸೀಕ್ವೆನ್ಸಿಂಗ್. ಕೊನೆಗೆ ಸ್ಥಾನ ನೋಡಿ ಎರಡನ್ನೂ ಹೊಂದಿಸೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಜಾಯಿನ್! ಎರಡು ಯಂತ್ರಗಳ ಚಿತ್ರ ಸ್ವಲ್ಪ ಓರೆ, ಸ್ವಲ್ಪ ದೊಡ್ಡದು ಚಿಕ್ಕದು ಇರೋದ್ರಿಂದ ಆ ಜಾಯಿನ್ ಬರೆಯೋದು ಸುಲಭದ ಕೆಲಸವಲ್ಲ ಬಿಡಿ.

ಡೆಲ್ಫ್ಟ್‌ನವರು ನೋಡಿದ್ದು ನಾಲ್ಕು ಡಿಎನ್‌ಎ ತೋಳುಗಳು ಕೂಡುವ ‘ಹಾಲಿಡೇ ಜಂಕ್ಷನ್’. ರಜೆಗೂ ಇದಕ್ಕೂ ಸಂಬಂಧವಿಲ್ಲ, 1964ರಲ್ಲಿ ಇದನ್ನು ಊಹಿಸಿದ ರಾಬಿನ್ ಹಾಲಿಡೇ ಹೆಸರು. ಅದು ಎರಡು ಆಕಾರಗಳ ನಡುವೆ ಹೊರಳುತ್ತಿರುತ್ತೆ, ಎಷ್ಟು ಬೇಗ ಅನ್ನೋದು ಅಕ್ಷರಗಳ ಮೇಲೆ. ಉಪ್ಸಲಾದವರು ಕ್ಯಾಸ್9 ಕತ್ತರಿಯನ್ನು ಹಿಡಿದರು. ಕ್ರಿಸ್ಪರ್ ತಂತ್ರದ ಈ ಪ್ರೋಟೀನು ಡಿಎನ್‌ಎಯ ಎಳೆಗಳನ್ನು ಬಿಚ್ಚುವ, ಅವು ಮತ್ತೆ ಮುಚ್ಚಿಕೊಳ್ಳುವ ರೀತಿ ಅಕ್ಷರ ಬದಲಾದಂತೆ ಬದಲಾಗುತ್ತೆ. ಕುಡುಗೋಲು ಕಣ ರೋಗಕ್ಕೆ ಇದೇ ಕತ್ತರಿಯ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿದೆ. ರೋಗಿಯ ಜೀವಕೋಶದಲ್ಲಿ ಕತ್ತರಿ ತಪ್ಪು ಜಾಗದಲ್ಲಿ ಬಿದ್ದರೆ ಅನ್ನೋ ಭಯ ಇರುವಾಗ, ‘ಸರಾಸರಿ ಸರಿಯಾಗಿದೆ’ ಅಂದ್ರೆ ಸಾಲುತ್ತಾ?

ಮಿತಿಗಳೂ ಇವೆ. ಬೆಳಕು ಬಿದ್ದಂತೆ ಬಣ್ಣಗಳು ಆರಿಹೋಗೋದ್ರಿಂದ ವಿಡಿಯೋ ಚಿಕ್ಕದೇ. ಮೈಕ್ರೋಸ್ಕೋಪಿಗೆ ಕಂಡ ಎಲ್ಲ ಅಣುವೂ ಸೀಕ್ವೆನ್ಸರ್‌ಗೆ ಸಿಗಲ್ಲ, ಜಾಯಿನ್‌ನಲ್ಲಿ ಒಂದಷ್ಟು ಸಾಲು ಉದುರಿಹೋಗುತ್ತವೆ.