ಕೊಲ್ಲಿಯ ಬಿಡಾರ

ಕನ್ನಡದಲ್ಲಿ ಮನೆ, ಬಿಡಾರ ಎಂದು ಎರಡು ಬೇರೆ ಬೇರೆ ಮಾತುಗಳಿವೆ. ಮನೆಯನ್ನು ಕಟ್ಟುತ್ತೇವೆ, ಬಿಡಾರವನ್ನು ಹೂಡುತ್ತೇವೆ. ಹೂಡಿದ್ದನ್ನು ಒಂದು ದಿನ ಕೀಳಬೇಕೆಂಬ ಅರಿವು ಆ ಮಾತಿನಲ್ಲಿಯೇ ಅಡಗಿದೆ. ಯಕ್ಷಗಾನದ ಮೇಳ ಊರಿಂದೂರಿಗೆ ಹೋಗುವಾಗ ಹೂಡುವುದು ಬಿಡಾರ. ಆಟ ಮುಗಿದ ಮರುದಿನ ಅಲ್ಲಿ ಒಲೆಯ ಬೂದಿಯಷ್ಟೇ ಉಳಿದಿರುತ್ತದೆ. ದುಬೈಯಲ್ಲಿರುವ ಮಗ ಊರಿಗೆ ಫೋನು ಮಾಡಿ, ‘ಹೊಸ ಮನೆಗೆ ಬಂದೆವು ಅಪ್ಪಯ್ಯ’ ಎಂದಾಗ ಇಲ್ಲಿನ ತಂದೆತಾಯಿಗಳು ಮನೆ ಎಂಬುದನ್ನು ನಮ್ಮ ಅರ್ಥದಲ್ಲಿಯೇ ಗ್ರಹಿಸುತ್ತಾರೆ. ಅಲ್ಲಿನ ಕಾನೂನಿಗೆ ಗೊತ್ತಿರುವುದು ಬಿಡಾರ ಮಾತ್ರ. ಈ ಎರಡು ಅರ್ಥಗಳ ನಡುವೆ ಎಷ್ಟೋ ಸಂಸಾರಗಳಲ್ಲಿ ಮನಸ್ತಾಪ ಹುಟ್ಟಿರುವುದನ್ನು ನಾನು ಬಲ್ಲೆ. ಕೊಲ್ಲಿಗೆ ಹೋದವರ ವಸತಿ, ವಾಹನ, ಬ್ಯಾಂಕು ಈ ಮೂರು ನಿತ್ಯದ ಚಿಂತೆಗಳನ್ನು ಊರಿನಲ್ಲಿ ಉಳಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕೆನಿಸಿದ್ದು ಆ ಕಾರಣದಿಂದ.

ಮಂಗಳೂರು, ಉಡುಪಿ, ಭಟ್ಕಳದ ಸೀಮೆಗೂ ಆ ತೀರಕ್ಕೂ ನಂಟು ಹೊಸದಲ್ಲ. ಅಲ್ಲಿನ ನಾಣ್ಯದ ಚರಿತ್ರೆಯೇ ಇದನ್ನು ಹೇಳುತ್ತದೆ. ಒಂದು ಕಾಲಕ್ಕೆ ಕೊಲ್ಲಿಯ ಆ ಸಣ್ಣ ಸಂಸ್ಥಾನಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯಗೊಂಡ ಮೇಲೆ ಅವರು ಅದನ್ನು ಕೈಬಿಟ್ಟರು. 1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಸಂಸ್ಥಾನ ರೂಪುಗೊಂಡಿತು. 1973ರಲ್ಲಿ ದಿರ್ಹಮ್ ಬಂದಿತು. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂಬ ದರ ಕದಲದೆ ನಿಂತಿದೆ. ರೂಪಾಯಿ ಇಳಿದ ದಿನ ಕೊಲ್ಲಿಯ ಹಣದ ಅಂಗಡಿಗಳ ಮುಂದೆ ನಮ್ಮವರ ಸಾಲು ಬೆಳೆಯುವುದಕ್ಕೆ ಈ ಕದಲದ ದರವೇ ಕಾರಣ. ಊರಿನ ನಷ್ಟ ಪರದೇಶದಲ್ಲಿರುವವನಿಗೆ ಲಾಭವಾಗಿ ಕಾಣುವ ಈ ವಿಚಿತ್ರದ ಬಗ್ಗೆ ಇನ್ನೊಮ್ಮೆ ಮಾತನಾಡಬಹುದು.

ಮೊದಲು ವಸತಿ. ನಮ್ಮಲ್ಲಿ ಬಾಡಿಗೆ ತಿಂಗಳ ಲೆಕ್ಕ. ದುಬೈಯಲ್ಲಿ ವರ್ಷದ ಲೆಕ್ಕ. ವರ್ಷದ ಹಣವನ್ನು ಒಂದು, ಎರಡು, ನಾಲ್ಕು, ಹೆಚ್ಚೆಂದರೆ ಹನ್ನೆರಡು ಚೆಕ್ಕುಗಳಾಗಿ ಹಂಚಿ, ಮುಂದಿನ ತಾರೀಕುಗಳನ್ನು ಬರೆದು, ಕರಾರಿನ ದಿನವೇ ಎಲ್ಲವನ್ನೂ ಮಾಲೀಕನ ಕೈಗೆ ಕೊಡುವುದು ಅಲ್ಲಿನ ರೂಢಿ. ಚೆಕ್ಕುಗಳ ಸಂಖ್ಯೆ ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ರಿಯಾಯಿತಿ ಸಿಗುವುದುಂಟು. ಕೈಯಲ್ಲಿ ಹಣವಿದ್ದವನಿಗೆ ಅಗ್ಗ, ಇಲ್ಲದವನಿಗೆ ದುಬಾರಿ ಎಂಬ ಲೋಕನಿಯಮ ಅಲ್ಲಿಯೂ ತಪ್ಪಿಲ್ಲ. ಒಬ್ಬ ಗುಮಾಸ್ತ ವರ್ಷಕ್ಕೆ 60,000 ದಿರ್ಹಮಿನ ಸಣ್ಣ ವಸತಿಯೊಂದನ್ನು ನಾಲ್ಕು ಚೆಕ್ಕುಗಳಿಗೆ ಹಿಡಿದನೆಂದು ಭಾವಿಸೋಣ. ಮೊದಲ ಚೆಕ್ಕು 15,000. ಮುಂಗಡ ಠೇವಣಿ ರೂಢಿಯಂತೆ ಶೇಕಡಾ 5, ಅಂದರೆ 3,000. ದಲ್ಲಾಳಿಗೆ ಸಾಮಾನ್ಯವಾಗಿ ಅಷ್ಟೇ. ನೀರು, ವಿದ್ಯುತ್ತಿನ ಠೇವಣಿ 2,000. ಒಂದು ಚಾಪೆಯನ್ನೂ ಕೊಳ್ಳುವ ಮೊದಲೇ 23,000 ದಿರ್ಹಮ್ ಕರಗಿತು. ಇದರ ಮೇಲೆ ವರ್ಷದ ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕ ನೀರು-ವಿದ್ಯುತ್ತಿನ ಬಿಲ್ಲಿನಲ್ಲಿ ತಿಂಗಳು ತಿಂಗಳೂ ಬರುತ್ತದೆ. ನಮ್ಮ ಗುಮಾಸ್ತನಿಗೆ ಅದು ತಿಂಗಳಿಗೆ 250. ತಿಂಗಳಿಗೆ ಎಂಟು ಸಾವಿರ ಸಂಬಳದವನು ಮೊದಲ ದಿನದ ಇಷ್ಟು ಹಣವನ್ನು ಎಲ್ಲಿಂದ ತಂದಾನು? ಸಾಲದಿಂದ. ಹೀಗಾಗಿ ವಸತಿಯ ಬಾಗಿಲು ತೆರೆಯುವುದು ನೇರವಾಗಿ ಬ್ಯಾಂಕಿನೊಳಕ್ಕೆ.

ಕರಾರನ್ನು ಸರಕಾರದಲ್ಲಿ ನೋಂದಾಯಿಸಬೇಕು. 2010ರಲ್ಲಿ ಆರಂಭವಾದ ಆ ವ್ಯವಸ್ಥೆಯ ಹೆಸರು ‘ಇಜಾರಿ’. ‘ನನ್ನ ಬಾಡಿಗೆ’ ಎಂದು ಅರ್ಥ. ಹೆಸರು ಕೇಳಿದರೆ ಕನ್ನಡ ಓದಿದವರ ಕಿವಿ ನಿಮಿರಬೇಕು. ನಮ್ಮ ಹಳೆಯ ಕಂದಾಯದ ದಫ್ತರುಗಳಲ್ಲಿ ಗುತ್ತಿಗೆಯ ಅರ್ಥದಲ್ಲಿ ಬರುವ ‘ಇಜಾರೆ’ ಇದೇ ಅರಬ್ಬೀ ಮೂಲದ್ದು. ಅಲ್ಲಿ ಕಟ್ಟಡದ ನೆಲೆಯನ್ನು ತೋರಿಸುವ ಹತ್ತು ಅಂಕಿಗಳ ಗುರುತಿಗೆ ‘ಮಕಾನಿ’ ಎನ್ನುತ್ತಾರೆ. ನಮ್ಮ ‘ಮಕಾನು’ ಅದರ ದಾಯಾದಿ. ಪರದೇಶಿಯ ಹೊಣೆ ಹೊತ್ತವನು ‘ಕಫೀಲ’. ಅವನು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹೇಳಬೇಕಾದರೆ ‘ಜಾಮೀನು’ ಎನ್ನಬೇಕು, ಅದೂ ಅರಬ್ಬಿಯಿಂದಲೇ ಬಂದದ್ದು. ದಫ್ತರು, ವಕೀಲ, ವಸೂಲಿ ಎಲ್ಲವೂ ಹಡಗು ಹತ್ತಿಯೋ ದರಬಾರುಗಳ ಮೂಲಕವೋ ನಮ್ಮಲ್ಲಿಗೆ ಬಂದು ಶತಮಾನಗಳಾದವು. ಮಾತುಗಳು ಇತ್ತ ಬಂದವು, ಮನುಷ್ಯರು ಅತ್ತ ಹೋದರು.

ಇಜಾರಿಯ ಕಾಗದವಿಲ್ಲದೆ ನೀರು, ವಿದ್ಯುತ್ತಿನ ಸಂಪರ್ಕ ದೊರೆಯುವುದಿಲ್ಲ. ಹೆಂಡತಿಮಕ್ಕಳನ್ನು ಕರೆಸಿಕೊಳ್ಳುವ ಅರ್ಜಿಯೂ ಮುಂದೆ ಸಾಗುವುದಿಲ್ಲ. ಆದರೆ ಅದೇ ಕಾಗದ ಬಾಡಿಗೆದಾರನಿಗೆ ರಕ್ಷೆಯೂ ಹೌದು. 2013ರ ಆಜ್ಞೆಯೊಂದರ ಪ್ರಕಾರ ಹಾಲಿ ಬಾಡಿಗೆ ಆಸುಪಾಸಿನ ಸರಾಸರಿಗಿಂತ ಶೇಕಡಾ 10ರೊಳಗೆ ಕಡಿಮೆಯಿದ್ದರೆ ಮಾಲೀಕ ಒಂದು ಕಾಸನ್ನೂ ಏರಿಸುವಂತಿಲ್ಲ. ಶೇಕಡಾ 40ಕ್ಕಿಂತ ಕಡಿಮೆಯಿದ್ದರೂ ಏರಿಕೆ 20ನ್ನು ಮೀರಕೂಡದು. ಏರಿಸುವುದಾದರೆ 90 ದಿನಗಳ ಮೊದಲೇ ತಿಳಿಸಬೇಕು. ಸ್ವಂತ ವಾಸಕ್ಕೆಂದೋ ಮಾರಾಟಕ್ಕೆಂದೋ ಬಿಡಿಸಬೇಕಾದರೆ ನೋಟರಿಯ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಹನ್ನೆರಡು ತಿಂಗಳ ಮುನ್ಸೂಚನೆ ಕೊಡಬೇಕು. ಬಾಯಿಮಾತಿಗೆ ಹೆದರಿ ಗಂಟುಮೂಟೆ ಕಟ್ಟಿದವರು ಈ ನಿಯಮವನ್ನು ತಿಳಿಯದವರು. ಊರಿನ ಮಾಲೀಕ-ಬಾಡಿಗೆದಾರರ ವ್ಯಾಜ್ಯಗಳನ್ನು ಕಂಡ ನನಗೆ ಇದು ಬಹಳ ನೇರವಾದ ಕಾನೂನೆಂದೇ ತೋರುತ್ತದೆ.

ಈ ಭಾಗ್ಯವಾದರೂ ಕಾಗದದಲ್ಲಿ ಹೆಸರಿದ್ದವನಿಗೆ. ಸಣ್ಣ ಸಂಬಳದವರು ಹಿಡಿಯುವುದು ಮನೆಯನ್ನಲ್ಲ, ಕೋಣೆಯನ್ನೂ ಅಲ್ಲ, ಒಂದು ಮಂಚದ ಜಾಗವನ್ನು. ಒಬ್ಬನ ಹೆಸರಿನಲ್ಲಿರುವ ವಸತಿಯಲ್ಲಿ ಹಲಗೆಗಳ ಅಡ್ಡಗೋಡೆ ಎಬ್ಬಿಸಿ ಏಳೆಂಟು ಜನ ಮಲಗುತ್ತಾರೆ. ಹೆಸರಿದ್ದವನು ಎಲ್ಲರ ಹಣವನ್ನೂ ಕೂಡಿಸಿ ಮಾಲೀಕನಿಗೆ ಕೊಡಬೇಕು. ಕೊಡದೆ ವಿಮಾನ ಹತ್ತಿದರೆ ಉಳಿದವರು ಬೀದಿಗೆ ಬೀಳುತ್ತಾರೆ. ಅವರ ದೂರು ಆ ಓಡಿಹೋದವನ ಮೇಲೆಯೇ ಹೊರತು ಮಾಲೀಕನ ಮೇಲಲ್ಲ. 2022ರಿಂದ ಜೊತೆಯಲ್ಲಿ ವಾಸಿಸುವವರೆಲ್ಲರ ಹೆಸರನ್ನೂ ನೋಂದಾಯಿಸಬೇಕೆಂಬ ನಿಯಮ ದುಬೈಯಲ್ಲಿ ಬಂದಿದೆ. 2025ರ ಜೂನ್‌ನಲ್ಲಿ ಅನುಮತಿಯಿಲ್ಲದ ಅಡ್ಡಗೋಡೆಗಳನ್ನು ತೆಗೆಸುವ ಕಾರ್ಯಾಚರಣೆಯೂ ನಡೆಯಿತು. ಬೆಂಕಿಯ ಭಯವನ್ನು ನೆನೆದರೆ ಅದು ತಪ್ಪೆನ್ನಲಾರೆ. ಹಲಗೆಗಳು ಹೋದ ಮೇಲೆ ಅವುಗಳ ಹಿಂದೆ ಮಲಗುತ್ತಿದ್ದವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಮಾಲೀಕನಿಗೆ ಕೊಟ್ಟ ಆ ಚೆಕ್ಕುಗಳ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಎಲ್ಲ ಭಯದ ಬೇರು ಅಲ್ಲಿದೆ. ಬಹುಕಾಲ ಅಲ್ಲಿ ಹಣವಿಲ್ಲದ ಚೆಕ್ಕು ಕೇವಲ ಸಾಲವಲ್ಲ, ಅಪರಾಧ, ಜೈಲುವಾಸಕ್ಕೂ ಕಾರಣವಾಗುತ್ತಿತ್ತು. 2008-09ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಪರದೇಶಿಗಳು ಕಾರನ್ನು ವಿಮಾನನಿಲ್ದಾಣದಲ್ಲಿಯೇ ಬಿಟ್ಟು ಓಡಿಹೋದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವರನ್ನು ಮೋಸಗಾರರೆಂದು ನಕ್ಕವರಿದ್ದರು. ಅವರಲ್ಲಿ ಹಲವರನ್ನು ಓಡಿಸಿದ್ದು ಸಾಲವಲ್ಲ, ಸಾಲಕ್ಕೆ ಸೆರೆಮನೆ ಎಂಬ ಕಾನೂನು. 2022ರ ಜನವರಿ 2ರಿಂದ ಈ ಸ್ಥಿತಿ ಬದಲಾಗಿದೆ. ಖಾತೆಯಲ್ಲಿ ಹಣ ಸಾಲದೆ ಚೆಕ್ಕು ಮರಳಿದರೆ ಅಷ್ಟರಿಂದಲೇ ಅದು ಅಪರಾಧವಾಗುವುದಿಲ್ಲ. ಇದ್ದಷ್ಟು ಹಣವನ್ನು ಬ್ಯಾಂಕು ಕೊಡಬೇಕು, ಉಳಿದದ್ದಕ್ಕೆ ಸಾಲಗಾರ ಮರಳಿದ ಚೆಕ್ಕನ್ನೇ ಹಿಡಿದು ನ್ಯಾಯಾಲಯದ ಜಾರಿ ವಿಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಬೇಕೆಂದೇ ಖಾತೆ ಮುಚ್ಚಿದರೆ, ಹಣ ಕೊಡಬೇಡಿರೆಂದು ಬ್ಯಾಂಕಿಗೆ ಹೇಳಿದರೆ, ಸಹಿಯನ್ನು ಉದ್ದೇಶಪೂರ್ವಕವಾಗಿ ತಪ್ಪಾಗಿ ಹಾಕಿದರೆ ಇಂದಿಗೂ ಶಿಕ್ಷೆ ಉಂಟು. ಹಬ್ಬಕ್ಕೆ ಊರಿಗೆ ಬಾರದ, ತಂಗಿಯ ಮದುವೆಗೆ ನಿರೀಕ್ಷಿಸಿದಷ್ಟು ಹಣ ಕಳಿಸದ ಮಗನನ್ನು ಜಿಪುಣನೆಂದು ಬಗೆಯುವ ಮೊದಲು ಮುಂದಿನ ಚೆಕ್ಕಿನ ತಾರೀಕು ಯಾವುದೆಂದು ಕೇಳುವುದು ಒಳ್ಳೆಯದು.

ವಾಹನದ ಮಾತು ಬೇಗ ಮುಗಿಸಬಹುದು. ಕೆಲವು ದೇಶಗಳ ಚಾಲನಾ ಪರವಾನಗಿಯನ್ನು ಅಲ್ಲಿ ನೇರವಾಗಿ ಬದಲಾಯಿಸಿಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. ಇಲ್ಲಿ ಇಪ್ಪತ್ತು ವರ್ಷ ಆಗುಂಬೆಯ ತಿರುವುಗಳಲ್ಲಿ ಬಂಡಿ ಓಡಿಸಿದವನೂ ಅಲ್ಲಿ ನಿಯಮಗಳ ಪರೀಕ್ಷೆ, ಅಂಗಳದಲ್ಲಿ ವಾಹನ ನಿಲ್ಲಿಸುವ ಪರೀಕ್ಷೆ, ಕೊನೆಗೆ ರಸ್ತೆಯ ಪರೀಕ್ಷೆ ಎಲ್ಲವನ್ನೂ ದಾಟಬೇಕು. ತೇರ್ಗಡೆಯಾಗದಿದ್ದರೆ ಮತ್ತೆ ಪಾಠ, ಮತ್ತೆ ಶುಲ್ಕ. ಊರಿನ ಪರವಾನಗಿ ಇದ್ದವರಿಗೆ ತರಗತಿಯಿಲ್ಲದೆ ಒಂದೇ ಒಂದು ಬಾರಿ ಪರೀಕ್ಷೆಗೆ ಕೂರುವ ಅವಕಾಶವನ್ನು 2023ರಲ್ಲಿ ದುಬೈ ಕಲ್ಪಿಸಿತು. ತಪ್ಪಿದರೆ ಮತ್ತೆ ಮೊದಲಿನ ದಾರಿಯೇ. ಇದನ್ನು ಅವಮಾನವೆಂದು ತಿಳಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ನಾವು ರಸ್ತೆಯ ಎಡಕ್ಕೆ ನಡೆಯುವವರು, ಅವರು ಬಲಕ್ಕೆ. ಚಕ್ರವೃತ್ತಗಳಲ್ಲಿ ಕೈ ತಾನಾಗಿಯೇ ಹಳೆಯ ಕಡೆಗೆ ತಿರುಗುತ್ತದೆ. ಕೈಗೆ ಕಲಿಸಿದ್ದನ್ನು ಬುದ್ಧಿ ಮರೆಸುವುದಕ್ಕೆ ಕಾಲ ಬೇಕು. ತಪ್ಪುಗಳಿಗೆ ದಂಡದ ಜೊತೆಗೆ ಕಪ್ಪು ಅಂಕಗಳೂ ಉಂಟು. ಒಂದು ವರ್ಷದಲ್ಲಿ 24 ಕೂಡಿದರೆ ಪರವಾನಗಿ ಅಮಾನತು. ಮಾರಾಟದ ಕೆಲಸದಲ್ಲಿರುವ ತರುಣನಿಗೆ ಪರವಾನಗಿ ಹೋಯಿತೆಂದರೆ ಅನ್ನಕ್ಕೇ ಸಂಚಕಾರ. 2007ರಲ್ಲಿ ಬಂದ ರಸ್ತೆ ಸುಂಕಕ್ಕೆ ‘ಸಾಲಿಕ್’ ಎಂದು ಹೆಸರು. ತಡೆಯಿಲ್ಲದ ದಾರಿ ಎಂದು ಅದರ ಅರ್ಥ. ಮೊದಲು ಒಂದು ದಾಟಿಗೆ 4 ದಿರ್ಹಮ್. 2025ರಿಂದ ದಟ್ಟಣೆಯ ವೇಳೆಯಲ್ಲಿ 6. ತಡೆಯಿಲ್ಲದೆ ಹರಿದುಹೋಗುವುದು ಹಣವೇ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಮಾಷೆ ಮಾಡಿದ್ದುಂಟು.

ಇನ್ನು ಬ್ಯಾಂಕು. ಸಂಬಳ ನೇರವಾಗಿ ಖಾತೆಗೆ ಬರುತ್ತದೆ. ಕೂಲಿ ಬಾಕಿ ಉಳಿಯದಂತೆ ನೋಡಿಕೊಳ್ಳುವ ಸರಕಾರಿ ವ್ಯವಸ್ಥೆ 2009ರಿಂದ ಇದೆ. ಸಂಬಳ ಬೀಳತೊಡಗಿದ ಕೂಡಲೇ ಸಾಲ ಬೇಕೇ ಎಂದು ಕೇಳುವ ಕರೆಗಳೂ ಬರತೊಡಗುತ್ತವೆ. ಅಲ್ಲಿನ ಕೇಂದ್ರ ಬ್ಯಾಂಕು 2011ರಲ್ಲಿ ಇದಕ್ಕೆ ಕಡಿವಾಣ ಹಾಕಿ, ವೈಯಕ್ತಿಕ ಸಾಲ ತಿಂಗಳ ಸಂಬಳದ ಇಪ್ಪತ್ತು ಪಟ್ಟನ್ನು ಮೀರಬಾರದು, 48 ತಿಂಗಳಲ್ಲಿ ತೀರಬೇಕು, ಕಂತುಗಳೆಲ್ಲ ಸೇರಿ ಆದಾಯದ ಅರ್ಧವನ್ನು ದಾಟಬಾರದು ಎಂದು ವಿಧಿಸಿತು. ಅರ್ಧ ಕಂತಿಗೆ ಹೋದರೆ ಉಳಿದರ್ಧದಲ್ಲಿ ಬಾಡಿಗೆ, ಶಾಲೆ, ಊರು ಎಲ್ಲವೂ ನಡೆಯಬೇಕು.

ಈ ಮೂರನ್ನೂ ಬಿಗಿದಿರುವ ಗೂಟ ಒಂದೇ: ನೌಕರಿ. ಹೆಚ್ಚಿನವರ ವಾಸದ ಪರವಾನಗಿ ನೌಕರಿಗೆ ಕಟ್ಟಿದ್ದು. ಆ ಪರವಾನಗಿಯಿಂದ ಗುರುತಿನ ಚೀಟಿ. ಚೀಟಿಯಿಂದ ಖಾತೆ, ಕರಾರು, ಚಾಲನಾ ಪರವಾನಗಿ. ನೌಕರಿ ಹೋದ ವಾರದಲ್ಲಿ ಏನಾಗುತ್ತದೆಂದು ನೋಡಿ. ಸೇವೆಯ ಕೊನೆಯ ಇಡುಗಂಟು ಖಾತೆಗೆ ಬರುತ್ತದೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ, ಮುಂದಿನವಕ್ಕೆ 30 ದಿನದ್ದು, ಇದು ಅದರ ಲೆಕ್ಕ. ಸಾಲವಿದ್ದವನ ಆ ಹಣವನ್ನು ಬ್ಯಾಂಕು ತಡೆಹಿಡಿಯುವುದುಂಟು. ಕಾರಿನ ಮೇಲೆ ಸಾಲವಿದ್ದರೆ ಅದು ತೀರುವವರೆಗೆ ಕಾರನ್ನು ಇನ್ನೊಬ್ಬರ ಹೆಸರಿಗೆ ಮಾಡುವಂತಿಲ್ಲ. ಮಾಲೀಕನ ಪೆಟ್ಟಿಗೆಯಲ್ಲಿ ಮುಂದಿನ ಚೆಕ್ಕು ಕಾಯುತ್ತಿರುತ್ತದೆ. ದೇಶ ಬಿಡಲು ಮೊದಲು 30 ದಿನಗಳ ಅವಧಿಯಿತ್ತು. 2022ರ ಅಕ್ಟೋಬರಿನ ನಿಯಮಗಳು ಪರವಾನಗಿಯ ದರ್ಜೆಗೆ ತಕ್ಕಂತೆ ಅದನ್ನು 60ರಿಂದ 180 ದಿನಗಳವರೆಗೆ ಹಿಗ್ಗಿಸಿವೆ. ಹೊಸ ಕೆಲಸ ಹುಡುಕುವವನಿಗೆ ಈ ಹೆಚ್ಚಿನ ತಿಂಗಳೇ ಜೀವದಾನ.

ಊರಿನ ಕಡೆಯ ಬ್ಯಾಂಕಿನ ತೊಡಕು ಬೇರೆ. ಪರದೇಶವಾಸಿಯಾದವನು ಇಲ್ಲಿನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ ಮಾರ್ಪಡಿಸಬೇಕು. ಊರಿನ ಬಾಡಿಗೆ, ಹುಟ್ಟುವಳಿ ಅದಕ್ಕೆ ಬರುತ್ತದೆ; ಬಡ್ಡಿಗೆ ತೆರಿಗೆ ಉಂಟು. ಅಲ್ಲಿ ದುಡಿದದ್ದನ್ನು ಕಳಿಸುವುದಕ್ಕೆ ಎನ್‌ಆರ್‌ಇ ಖಾತೆ; ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಹಣವನ್ನು ಮತ್ತೆ ಹೊರಗೆ ಒಯ್ಯಲೂ ಅಡ್ಡಿಯಿಲ್ಲ. ಅಪ್ಪಯ್ಯನ ಅನುಕೂಲಕ್ಕೆಂದು ಹಳೆಯ ಖಾತೆಯನ್ನೇ ನಡೆಸಿಕೊಂಡು ಬಂದವರು ಮುಂದೆ ವಿವರಣೆ ಕೊಡಬೇಕಾಗುತ್ತದೆ.

ಇನ್ನೊಂದು ಆಸೆ ಅಡಿಕೆ ತೋಟದ್ದು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. ಇದನ್ನು ಕೇಳಿ ಕೊಲ್ಲಿಯಲ್ಲಿರುವವರೂ ಮುಂಗಡ ಕೊಡಲು ಮುಂದಾಗುತ್ತಾರೆ. ಆದರೆ 1999ರ ವಿದೇಶೀ ವಿನಿಮಯ ಕಾನೂನಿನ ನಿಯಮಗಳಡಿ ಅನಿವಾಸಿಯು ಕೃಷಿಭೂಮಿ, ತೋಟ, ತೋಟದ ಮನೆ ಯಾವುದನ್ನೂ ಕ್ರಯಕ್ಕೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪೇಟೆಯಲ್ಲಿ ಮನೆ ಕೊಳ್ಳಬಹುದು. ಅದಕ್ಕಾಗಿ ಊರಿನವರಿಗೆ ಅಧಿಕಾರಪತ್ರ ಬರೆದುಕೊಡುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು.

ಕೊನೆಯದಾಗಿ, ಯಾರೂ ಆಡಲು ಬಯಸದ ಒಂದು ವಿಷಯ. ಖಾತೆ ಗಂಡನೊಬ್ಬನ ಹೆಸರಿನಲ್ಲಿದ್ದು ಅವನು ತೀರಿಕೊಂಡರೆ, ಸುದ್ದಿ ತಿಳಿದ ಕೂಡಲೇ ಅಲ್ಲಿನ ಬ್ಯಾಂಕು ಖಾತೆಯನ್ನು ಸ್ತಂಭನಗೊಳಿಸುತ್ತದೆ. ವಾರಸುದಾರರು ಯಾರೆಂದು ನ್ಯಾಯಾಲಯ ಹೇಳುವವರೆಗೆ ಹಣ ಕೈಗೆ ಬಾರದು. ಹೆಂಡತಿಯ ವಾಸದ ಪರವಾನಗಿಯೂ ಹೆಚ್ಚಾಗಿ ಅವನ ಹೊಣೆಯಲ್ಲಿಯೇ ಇರುತ್ತದೆ. ಶವವನ್ನು ಊರಿಗೆ ಕಳಿಸುವ ಓಡಾಟದ ನಡುವೆ ಮುಂದಿನ ಬಾಡಿಗೆಯ ಚೆಕ್ಕಿನ ದಿನವೂ ಬಂದಿರುತ್ತದೆ. ಆದುದರಿಂದ ತಿಳಿದವರು ಹೆಂಡತಿಯ ಹೆಸರಿನಲ್ಲಿ ಬೇರೆಯೇ ಒಂದು ಖಾತೆ ತೆರೆದು ಮೂರು ನಾಲ್ಕು ತಿಂಗಳ ಖರ್ಚನ್ನು ಅದರಲ್ಲಿ ಇಟ್ಟಿರುತ್ತಾರೆ. ಕರಾರಿನ ಪ್ರತಿ, ಚೆಕ್ಕುಗಳ ತಾರೀಕಿನ ಪಟ್ಟಿ, ಕಾರಿನ ಸಾಲದ ಕಾಗದ ಇವುಗಳ ಒಂದೊಂದು ನಕಲು ಊರಿನಲ್ಲಿ ಅಣ್ಣತಮ್ಮಂದಿರ ಬಳಿಯೂ ಇರುತ್ತದೆ.